ಬೈಗುಳ ಚಾರ್ಜರ್‌ಗೆ, ಬಿಲ್ಲು ಗೀಸರ್‌ಗೆ



ಕರೆಂಟ್ ಬಿಲ್ಲು ಬಂದ ದಿನ ನಮ್ಮ ಮುರಗೂಡದ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವವರು ಯುವಕ ಯುವತಿಯರು. "ಚಾರ್ಜರ್ ಹಗಲೂ ರಾತ್ರಿ ಸಾಕೆಟ್‌ನಾಗ ಇದ್ರ ಬಿಲ್ಲು ಬರದೇ ಏನ್ ಬರ್ತದ?" ಎಂಬ ಮಾತು ಎಲ್ಲರಿಗೂ ಗೊತ್ತು. ಉಳಿತಾಯದ ಕಾಳಜಿ ಸರಿಯಾದದ್ದೇ. ಆದರೆ ಅದು ಹೋಗಬೇಕಾದ ಕಡೆ ಹೋಗುತ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ನೋಡಿ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಫೋನ್ ಸಿಕ್ಕಿಸದೆ ಸಾಕೆಟ್‌ನಲ್ಲಿ ಬಿಟ್ಟ ಈಗಿನ ಚಾರ್ಜರ್ ತಿಂಗಳಿಡೀ ಇದ್ದರೂ ಸಾಮಾನ್ಯವಾಗಿ ಕಾಲು ಯೂನಿಟ್ ದಾಟುವುದಿಲ್ಲ. ರಿಮೋಟ್‌ನಿಂದ ಆರಿಸಿದ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7 ಯೂನಿಟ್. ಅನ್ನ ಆದ ಮೇಲೂ ಬೆಚ್ಚಗಿರಲೆಂದು ಬಿಟ್ಟ ಕುಕ್ಕರ್ 40 ವ್ಯಾಟ್ ಎಳೆದರೆ ಹತ್ತು ಗಂಟೆಗೆ 0.4 ಯೂನಿಟ್. ಒಂದೇ ದಿನದಲ್ಲಿ ಅದು ಚಾರ್ಜರ್‌ನ ಇಡೀ ತಿಂಗಳನ್ನು ಮೀರಿಸಿತು.

ಬಿಸಿ ಮಾಡುವ ಉಪಕರಣಗಳೇ ಹೊಟ್ಟೆಬಾಕರು. ನೀರು ಕಾಯಿಸುವುದು ಸಣ್ಣ ಕೆಲಸವಲ್ಲ. 15 ಲೀಟರಿನ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. 2000 ವ್ಯಾಟಿನದಾದರೆ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಇಲ್ಲಿ ಪೋಲು ಎಂಬುದಿಲ್ಲ, ಎಳೆದ ಕರೆಂಟೆಲ್ಲ ಹೆಚ್ಚುಕಡಿಮೆ ಶಾಖವೇ ಆಗುತ್ತದೆ. ಆದ್ದರಿಂದ "ಕರೆಂಟ್ ಉಳಿಸುವ ರಾಡ್" ಎಂದು ಯಾರಾದರೂ ಮಾರಿದರೆ ನಂಬಬೇಡಿ. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಎಲ್ಲ ರಾಡ್‌ಗೂ ಬಹುತೇಕ ಅಷ್ಟೇ ಕರೆಂಟ್ ಬೇಕು.

ಪೋಲು ಶುರುವಾಗುವುದು ನೀರು ಕಾದ ಮೇಲೆ. ಬಕೆಟ್ಟಿನಲ್ಲಿ ರಾಡ್ ಮರೆತು ನೀರು ಕುದಿಯತೊಡಗಿದರೆ, ಆವಿಯಾಗಿ ಹೋಗುವ ಪ್ರತಿ ಲೀಟರ್ ಜೊತೆ 0.6 ಯೂನಿಟ್‌ಗೂ ಹೆಚ್ಚು ಹೋಗುತ್ತದೆ. ಒಂದು ಬಕೆಟ್ ಸ್ನಾನದ ನೀರಿಗೆ ಬೇಕಾಗುವಷ್ಟೇ ಕರೆಂಟ್ ಅದು. ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಿದರೆ ಹೋಗುವುದು ಹಣವಷ್ಟೇ ಅಲ್ಲ, ಜೀವ. ಮನೆಯ ಚಿಕ್ಕ ಮಕ್ಕಳಿಗೆ ಇದನ್ನು ಇಂದೇ ಹೇಳಿ.

ಇನ್ನು ಗೀಸರ್. "ಆರಿಸಿ ಮತ್ತೆ ಕಾಯಿಸಿದರೆ ಹೆಚ್ಚು ಕರೆಂಟ್ ಬೇಕು, ಹಚ್ಚಿಯೇ ಇಡೋದು ಒಳ್ಳೇದು" ಎಂಬ ನಂಬಿಕೆ ಅನೇಕರದು. ಇದು ತಪ್ಪು. ನೀರು ಕೋಣೆಗಿಂತ ಎಷ್ಟು ಬಿಸಿಯಾಗಿದೆಯೋ ಅಷ್ಟು ಬೇಗ ಶಾಖ ಹೊರಗೆ ಸೋರುತ್ತದೆ. ದಿನವಿಡೀ ಬಿಸಿಯಾಗಿಟ್ಟರೆ ದಿನವಿಡೀ ಸೋರಿಕೆ, ಅದನ್ನು ತುಂಬಲು ಮತ್ತೆ ಮತ್ತೆ ಕರೆಂಟ್. ಗೀಸರ್ ಮೇಲಿನ ಬಿಇಇ ತಾರೆಗಳು ಹೇಳುವುದೂ ಈ ಸೋರಿಕೆಯನ್ನೇ: ತಾರೆ ಹೆಚ್ಚಾದಷ್ಟು ಸೋರಿಕೆ ಕಡಿಮೆ. ಹಳೆಯ ಗೀಸರ್ ದಿನಕ್ಕೆ ಅರ್ಧ ಯೂನಿಟ್ ಸೋರಿಸಿದರೂ ತಿಂಗಳಿಗೆ 15 ಯೂನಿಟ್ ಆಯಿತು.

ನಮ್ಮ ಅಜ್ಜಿಯರಿಗೆ ಈ ಪಾಠ ಬೇಕಿರಲಿಲ್ಲ. ತಾಮ್ರದ ಬಂಬದಲ್ಲಿ ನೀರು ಕಾಯಿಸುತ್ತಿದ್ದಾಗ, ಎಲ್ಲರ ಸ್ನಾನ ಮುಗಿದ ಮೇಲೆ ಯಾರೂ ಕಟ್ಟಿಗೆ ಒಟ್ಟುತ್ತಿರಲಿಲ್ಲ. ಕಟ್ಟಿಗೆ ಕಣ್ಣಿಗೆ ಕಾಣುತ್ತಿತ್ತು, ಕರೆಂಟ್ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ಮಹಾವಿತರಣದ ಮನೆಬಳಕೆಯ ದರದಲ್ಲಿ ತಿಂಗಳಿಗೆ 100 ಯೂನಿಟ್ ಒಂದು ಗಡಿ. ಅದರ ಮೇಲಿನ ಯೂನಿಟ್‌ಗಳಿಗೆ ದರ ಹೆಚ್ಚೂಕಡಿಮೆ ಇಮ್ಮಡಿ. 95ರಲ್ಲಿ ನಿಲ್ಲುವ ಮನೆಯನ್ನು ಆ 15 ಯೂನಿಟ್ ಗಡಿ ದಾಟಿಸಿಬಿಡುತ್ತದೆ. ನಿಪ್ಪಾಣಿಯ ನೆಂಟರಿಗೆ ಬಿಲ್ಲು ಹೆಸ್ಕಾಂನಿಂದ ಬರುತ್ತದೆ, ದರ ಬೇರೆ. ಆದರೆ ಗೀಸರ್‌ಗೆ ರಾಜ್ಯದ ಗಡಿ ಗೊತ್ತಿಲ್ಲ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸಿ' ಪರಿಪತ್ರದಲ್ಲಿ, ಬೇಡದ ದೀಪ ಆರಿಸುವಂಥ ಸಣ್ಣ ಕೆಲಸಗಳನ್ನೂ ಸೃಷ್ಟಿಯ ಪಾಲನೆಯಲ್ಲಿ ಸೇರಿಸಿದ್ದಾರೆ. ಐದು ಸಾವಿರ ಜನರಿಗೆ ಉಣಿಸಿದ ಪ್ರಭುಯೇಸು ಉಳಿದ ತುಣುಕುಗಳನ್ನೂ ಬುಟ್ಟಿಗೆ ತುಂಬಿಸಿದರು. ಹೊಟ್ಟೆ ತುಂಬ ಉಣಿಸಿದ್ದು, ಚೂರೂ ಚೆಲ್ಲದಂತೆ ನೋಡಿಕೊಂಡದ್ದು ಎರಡೂ ಒಂದೇ ಕೈ.

ಹಾಗಾಗಿ ಉಳಿತಾಯದ ಹೆಸರಿನಲ್ಲಿ ಯಾರೂ ತಣ್ಣೀರು ಸುರಿದುಕೊಳ್ಳುವಂತಾಗಬಾರದು. ಬಿಲ್ಲಿಗೆ ಹೆದರಿ ಮೊಣಕಾಲು ನೋವಿನ ಅಜ್ಜಿ ಡಿಸೆಂಬರ್ ಚಳಿಯಲ್ಲೂ ಗೀಸರ್ ಹಚ್ಚಲು ಹಿಂಜರಿಯುತ್ತಾರೆ. ಅದೇ ಮನೆಯಲ್ಲಿ ಎಲ್ಲರ ಸ್ನಾನವಾದ ಮೇಲೆ ಅದು ಮಧ್ಯಾಹ್ನದವರೆಗೆ ಉರಿಯುತ್ತಿರುತ್ತದೆ. ಆ ಸೋರಿಕೆ ನಿಲ್ಲಿಸಿದರೆ ಅಜ್ಜಿ ಧೈರ್ಯವಾಗಿ ಬಿಸಿನೀರು ಬಳಸಬಹುದು. ನಮಗೆ ಬೇಕಾದ ಉಳಿತಾಯ ಇದು.

ಧರ್ಮಕೇಂದ್ರದ ಕುಟುಂಬಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ಭಾನುವಾರ ಪೂಜೆಗೆ ಹೊರಡುವ ಮುಂಚೆ ಮೀಟರ್ ಸಂಖ್ಯೆ ಬರೆದಿಡಿ, ಮುಂದಿನ ಭಾನುವಾರ ಅದೇ ಹೊತ್ತಿಗೆ ಮತ್ತೊಮ್ಮೆ. ಎರಡನೇ ವಾರ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, ಕೊನೆಯವರು ಗೀಸರ್ ಆರಿಸಲಿ. ಅನ್ನ ಆದ ಕೂಡಲೇ ಕುಕ್ಕರ್ ಪ್ಲಗ್ ತೆಗೆಯಿರಿ, ಮಲಗುವ ಮುನ್ನ ಸೆಟ್‌ಟಾಪ್ ಬಾಕ್ಸ್ ಗೋಡೆಯ ಸ್ವಿಚ್‌ನಲ್ಲೇ ಆರಿಸಿ. ಎರಡೂ ವಾರದ ಲೆಕ್ಕ ಹೋಲಿಸಿ. ಪಕ್ಕದ ಮನೆಯ ಜೊತೆ ಪೈಪೋಟಿ ಬೇಡ, ನಿಮ್ಮ ಮನೆಯ ಜೊತೆಗೇ ಸಾಕು.

ಚಾರ್ಜರ್ ಕೂಡ ತೆಗೆದಿಡುತ್ತೇವೆ. ಆದರೆ ಮೊದಲು ಗೀಸರ್.