ವೇಗದ ಹಂಬಲ, ವೋಲ್ಟೇಜಿನ ಮಿತಿ

ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಬಳಿಕ ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸುವ ಮಾತು ಜತ್ತ ತಾಲೂಕಿನ ಮನೆಗಳಲ್ಲಿಯೂ ಈಗ ಬರುತ್ತದೆ. ಹೊಸದಕ್ಕೆ ಹಣ ಸಾಲದಿದ್ದರೆ ಸಾಂಗಲಿ, ಮೀರಜ ಅಥವಾ ವಿಜಯಪುರದಿಂದ ಬಿಡಿಭಾಗಗಳನ್ನು ಜೋಡಿಸಿದ, ಇಲ್ಲವೆ ಒಮ್ಮೆ ಬಳಸಿದ ಯಂತ್ರವನ್ನು ತರುವುದುಂಟು. ಕೆಲವು ತಿಂಗಳು ಕಳೆದ ಮೇಲೆ ಅದು ನಿಧಾನವೆನಿಸುತ್ತದೆ. ಆಗ ಮಕ್ಕಳ ಕಿವಿಗೆ ಬೀಳುವ ಮಾತು ಓವರ್‌ಕ್ಲಾಕಿಂಗ್. ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನಾಗಲಿ ರ‍್ಯಾಮನ್ನಾಗಲಿ ಓಡಿಸುವುದಕ್ಕೆ ಈ ಹೆಸರು. ಇದಕ್ಕೆ ಹೊಸ ಭಾಗವನ್ನು ಕೊಳ್ಳಬೇಕಿಲ್ಲ. ಕೆಲವು ಅಂಕಿಗಳನ್ನು ಬದಲಿಸಿದರಾಯಿತು. ಆದರೆ ಆ ಅಂಕಿಗಳಲ್ಲಿ ವೋಲ್ಟೇಜ್ ಕೂಡ ಒಂದು. ಅದನ್ನು ತಿಳಿಯದೆ ಮುಟ್ಟಿದರೆ ಮನೆಯವರು ಕಷ್ಟಪಟ್ಟು ತಂದ ಯಂತ್ರವೇ ಕೆಡಬಹುದು.

ರ‍್ಯಾಮ್ ಎಂಬುದು ಕೋಟಿಗಟ್ಟಲೆ ಸೋರುವ ಕೊಡಗಳ ಸಾಲು. ಪ್ರತಿಯೊಂದು ಕೋಶವೂ ಅತಿ ಸಣ್ಣ ವಿದ್ಯುತ್ ಸಂಗ್ರಾಹಕ. ಅದು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ತುಂಬಿದ ವಿದ್ಯುತ್ತು ಸದಾ ಸೋರುತ್ತಿರುವುದರಿಂದ ಡಿಡಿಆರ್4 ರ‍್ಯಾಮಿನಲ್ಲಿ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಿಸಬೇಕಾಗುತ್ತದೆ. ಬಿಸಿಯೇರಿದಂತೆ ಸೋರಿಕೆಯೂ ಹೆಚ್ಚುತ್ತದೆ. ಚಿಪ್ಪಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ತುಂಬಿಸುವ ಕೆಲಸವನ್ನು ಇಮ್ಮಡಿಗೊಳಿಸಬೇಕೆಂದು ಮಾನಕವೇ ಹೇಳುತ್ತದೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆ ಎಷ್ಟು ಕಾಯುತ್ತದೆಂಬುದು ಬರಪೀಡಿತ ಜತ್ತದ ಜನರಿಗೆ ಗೊತ್ತು. ತಂಪು ಕೋಣೆಯಲ್ಲಿ ಕುಳಿತು ಯಾರೋ ಸುರಕ್ಷಿತವೆಂದ ವೇಗ ಇಲ್ಲಿಯ ಬೇಸಿಗೆಗೆ ಹೊಂದದಿರಬಹುದು.

ರ‍್ಯಾಮಿನ ಮಾನಕಗಳನ್ನು ಗೊತ್ತುಪಡಿಸುವ ಸಂಸ್ಥೆ ಜೆಡೆಕ್. ಅದರ ಪ್ರಕಾರ ಡಿಡಿಆರ್3 ರ‍್ಯಾಮಿಗೆ 1.5 ವೋಲ್ಟ್, ಅದರ ಕಡಿಮೆ ವಿದ್ಯುತ್ತಿನ ರೂಪವಾದ ಡಿಡಿಆರ್3ಎಲ್‌ಗೆ 1.35, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1 ವೋಲ್ಟ್. ತಲೆಮಾರು ಮುಂದುವರಿದಂತೆ ಕೋಶಗಳು ಕಿರಿದಾದವು, ವೋಲ್ಟೇಜೂ ಇಳಿಯಿತು. ಆದ್ದರಿಂದ ಒಂದು ತಲೆಮಾರಿಗೆ ಹಿತವಾದ ಅಂಕಿ ಇನ್ನೊಂದಕ್ಕೆ ವಿಷವಾಗಬಹುದು. ಡಿಡಿಆರ್3ಕ್ಕೆ ಸಹಜವಾದ 1.5 ವೋಲ್ಟ್, ಡಿಡಿಆರ್4 ಮಾನಕದಲ್ಲಿ ಎಂದಿಗೂ ದಾಟಬಾರದ ಮೇರೆಯಾಗಿದೆ.

ವೇಗದ ಡಿಡಿಆರ್4 ರ‍್ಯಾಮನ್ನು ಮಾರುವ ಕಂಪನಿಗಳು ಸಾಮಾನ್ಯವಾಗಿ 1.35 ವೋಲ್ಟಿನಲ್ಲಿ ಪರೀಕ್ಷಿಸಿ, ಆ ಅಂಕಿಗಳನ್ನು ರ‍್ಯಾಮಿನಲ್ಲಿಯೇ ಇರುವ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಡುತ್ತವೆ. ಇಂಟೆಲ್ ಇದನ್ನು ಎಕ್ಸ್‌ಎಂಪಿ ಎಂದೂ, ಎಎಂಡಿ ತನ್ನ ಡಿಡಿಆರ್5 ವ್ಯವಸ್ಥೆಗೆ ಎಕ್ಸ್‌ಪೋ ಎಂದೂ ಕರೆಯುತ್ತವೆ. ಅಂತಹ ಪ್ರೊಫೈಲ್ ಇದ್ದರೆ ಅದನ್ನಷ್ಟೇ ಆರಿಸುವುದು ಜಾಣತನ. ಅದಿಲ್ಲದ ರ‍್ಯಾಮಿಗೆ ಕೈಯಿಂದ ವೋಲ್ಟೇಜ್ ಏರಿಸುವುದು ಅಳತೆಯಿಲ್ಲದೆ ಔಷಧ ಕುಡಿಸಿದಂತೆ. ದ್ರಾಕ್ಷಿ ತೋಟದ ಹನಿ ನೀರಾವರಿಯ ಪೈಪಿಗೆ ಒತ್ತಡ ಹೆಚ್ಚಿಸಿದರೆ ಬಳ್ಳಿ ಬೇಗ ಬೆಳೆಯುವುದಿಲ್ಲ, ಪೈಪಿನ ಕೀಲು ಕಳಚುತ್ತದೆ, ಇದೂ ಹಾಗೆಯೇ. ಚಿಪ್ಪು ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.2ರಿಂದ 1.35ಕ್ಕೆ ಹೋದಾಗ ಏರಿಕೆ ನೂರಕ್ಕೆ ಹನ್ನೆರಡೂವರೆಯಾದರೂ ಬಿಸಿ ಸುಮಾರು 27ರಷ್ಟು ಹೆಚ್ಚುತ್ತದೆ.

ಹಾನಿ ರ‍್ಯಾಮಿಗೆ ಮಾತ್ರ ತಟ್ಟುವುದೆಂದು ತಿಳಿಯಬಾರದು. ಈಚಿನ ಪ್ರೊಸೆಸರ್‌ಗಳೊಳಗೇ ರ‍್ಯಾಮಿನ ನಿಯಂತ್ರಕವಿರುತ್ತದೆ. 2008ರಲ್ಲಿ ಇಂಟೆಲ್ ತನ್ನ ಮೊದಲ ಕೋರ್ ಐ7 ಪ್ರೊಸೆಸರ್‌ಗಳನ್ನು ತಂದಾಗ, ರ‍್ಯಾಮಿನ ವೋಲ್ಟೇಜ್ 1.65 ಮೀರಿದರೆ ಪ್ರೊಸೆಸರಿಗೇ ಶಾಶ್ವತ ಹಾನಿಯಾಗಬಹುದೆಂಬ ಎಚ್ಚರಿಕೆಯನ್ನು ಮದರ್‌ಬೋರ್ಡುಗಳ ಮೇಲೆ ಅಂಟಿಸಲಾಗಿತ್ತು. 2023ರಲ್ಲಿ ಎಎಂಡಿಯ ರೈಜೆನ್ 7000 ಸಾಲಿನ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದವು. ಎಕ್ಸ್‌ಪೋ ಆರಿಸಿದಾಗ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಎಸ್‌ಒಸಿ ಎಂಬ ಭಾಗದ ವೋಲ್ಟೇಜನ್ನು ತಾವಾಗಿಯೇ ಅತಿಯಾಗಿ ಏರಿಸುತ್ತಿದ್ದವು. ಆ ಮೇಲೆ ಎಎಂಡಿ ಹೊಸ ಫರ್ಮ್‌ವೇರ್ ಮೂಲಕ ಅದಕ್ಕೆ 1.3 ವೋಲ್ಟಿನ ಕಡಿವಾಣ ಹಾಕಿತು. 2024ರಲ್ಲಿ ಇಂಟೆಲಿನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಧಿಕ ವೋಲ್ಟೇಜಿನಿಂದ ಸವೆಯುತ್ತಿರುವುದು ಕಂಡುಬಂದಾಗಲೂ ಪರಿಹಾರ ಬಂದದ್ದು ಫರ್ಮ್‌ವೇರ್ ಮೂಲಕವೇ.

ಫರ್ಮ್‌ವೇರ್ ಎಂದರೆ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ನೆಲೆಸಿರುವ ತಂತ್ರಾಂಶ. ಹಳೆಯದಕ್ಕೆ ಬಯೋಸ್ ಎಂದು ಹೆಸರು. ಇಂದಿನದು ಯುಇಎಫ್‌ಐ ಆದರೂ ರೂಢಿಯಲ್ಲಿ ಬಯೋಸ್ ಎಂದೇ ಕರೆಯುತ್ತಾರೆ. ಗುಂಡಿ ಒತ್ತಿದ ಕೂಡಲೇ ಮೊದಲು ಎಚ್ಚರಗೊಂಡು, ರ‍್ಯಾಮನ್ನು ಗುರುತಿಸಿ, ವೇಗ ಮತ್ತು ವೋಲ್ಟೇಜನ್ನು ನಿಗದಿಪಡಿಸುವುದು ಅದೇ. ಅದು ಅಳಿದರೆ ಯಂತ್ರ ಏಳುವುದಿಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಲೋಕದಾದ್ಯಂತ ಅನೇಕ ಕಂಪ್ಯೂಟರ್‌ಗಳ ಬಯೋಸನ್ನೇ ಅಳಿಸಿ ಅವನ್ನು ನಿಷ್ಪ್ರಯೋಜಕಗೊಳಿಸಿತ್ತು.

ವೈರಸ್ ಮಾಡಿದ ಆ ಹಾನಿಯನ್ನು ಹೊಸ ಫರ್ಮ್‌ವೇರ್ ಹಾಕುವ ನಡುವೆ ಹೋದ ಕರೆಂಟೂ ಮಾಡಬಲ್ಲದು. ಆದ್ದರಿಂದ ಕೆಲವು ನಿಯಮಗಳನ್ನು ಮರೆಯಬಾರದು. ಮದರ್‌ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ರಿವಿಜನ್ ಸಂಖ್ಯೆಯನ್ನೂ ಅಕ್ಷರ ಬಿಡದೆ ಹೊಂದಿಸಿ, ತಯಾರಕರ ತಾಣದಿಂದಲೇ ಫೈಲನ್ನು ಪಡೆಯಬೇಕು. ಬೀಟಾ ಎಂದು ಗುರುತಿಸಿದ್ದನ್ನು ಬಿಡಬೇಕು. ಪ್ರತಿ ಆವೃತ್ತಿಯ ಜೊತೆಗಿರುವ ಟಿಪ್ಪಣಿಯಲ್ಲಿ ರ‍್ಯಾಮಿನ ಹೊಂದಾಣಿಕೆ, ಸುರಕ್ಷತೆ ಅಥವಾ ವೋಲ್ಟೇಜಿನ ತಿದ್ದುಪಡಿ ಇದ್ದರೆ ಹಾಕುವುದು ಸರಿ. ಅಂತಹದೇನೂ ಇಲ್ಲದೆ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಹೊಸದೆಂಬ ಒಂದೇ ಕಾರಣಕ್ಕೆ ಬದಲಿಸಬೇಕಿಲ್ಲ. ಹಾಕುವ ಮುನ್ನ ಓವರ್‌ಕ್ಲಾಕ್ ತೆಗೆದು ಮೂಲ ಸ್ಥಿತಿಗೆ ತರಬೇಕು, ಹಳೆಯ ಅಂಕಿಗಳನ್ನು ವಹಿಯಲ್ಲಿ ಬರೆದುಕೊಳ್ಳಬೇಕು, ಸುಸ್ಥಿತಿಯ ಬ್ಯಾಟರಿಯಿರುವ ಯುಪಿಎಸ್‌ಗೆ ಜೋಡಿಸಬೇಕು.

ಕಚೇರಿಗಳಿಂದ ಬಂದ ಹಳೆಯ ಬ್ರ್ಯಾಂಡೆಡ್ ಯಂತ್ರಗಳಲ್ಲಿ ರ‍್ಯಾಮಿನ ವೋಲ್ಟೇಜ್ ಬದಲಿಸುವ ಆಯ್ಕೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ತೆರೆಯುವೆವೆಂದು ಯಾರೋ ತಿದ್ದಿದ ಫರ್ಮ್‌ವೇರನ್ನು ಹಾಕುವ ಸಾಹಸಕ್ಕೆ ಇಳಿಯದಿರುವುದೇ ಲೇಸು.

ವೇಗ ಏರಿಸಿ ಯಂತ್ರ ಹೊತ್ತಿಕೊಂಡಿತೆಂದರೆ ಎಲ್ಲವೂ ಸರಿಯಾಯಿತೆಂದಲ್ಲ. ರ‍್ಯಾಮಿನ ತಪ್ಪು ಸದ್ದು ಮಾಡದೆ ನಡೆಯುತ್ತದೆ. ಯುನಿಕೋಡಿನಲ್ಲಿ ‘ಔ’ ಅಕ್ಷರದ ಸಂಖ್ಯೆ 3220, ‘ಕ’ ಅಕ್ಷರದ್ದು 3221. ಇವೆರಡರ ನಡುವಿನ ಅಂತರ ಒಂದೇ ಬಿಟ್. ಒಂದು ಕೋಶ ತಪ್ಪಿದರೆ ‘ಕನ್ನಡ’ವು ‘ಔನ್ನಡ’ವಾಗುತ್ತದೆ. ಅಕ್ಷರವಾದರೆ ಕಣ್ಣಿಗೆ ಬೀಳುತ್ತದೆ. ತಪ್ಪು ತಂದೆಯ ದ್ರಾಕ್ಷಿ ಲೆಕ್ಕದ ಅಂಕಿಯಲ್ಲಿಯೋ, ಏಳು-ಹನ್ನೆರಡರ ಉತಾರೆಯ ಪ್ರತಿಯಲ್ಲಿಯೋ, ಮಗಳ ಶಾಲಾ ಪ್ರಕಲ್ಪದಲ್ಲಿಯೋ ಆಗಿ, ಉಳಿಸುವಾಗ ಹಾಗೆಯೇ ಡಿಸ್ಕಿಗೆ ಇಳಿದರೆ ತಿಂಗಳುಗಟ್ಟಲೆ ಗೊತ್ತಾಗದೆ ಹೋಗಬಹುದು. ಸರ್ವರ್‌ಗಳ ರ‍್ಯಾಮಿನಲ್ಲಿ ಇಂತಹ ತಪ್ಪನ್ನು ತಿದ್ದುವ ವ್ಯವಸ್ಥೆ ಇರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅದಿಲ್ಲ.

ಆದುದರಿಂದ ಮುಖ್ಯ ಕಡತಗಳ ಪ್ರತಿಯನ್ನು ಮೊದಲು ಬೇರೆಡೆ ತೆಗೆದಿಡಬೇಕು. ಪ್ರೊಫೈಲ್ ಆರಿಸಿದ ನಂತರ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಪೆನ್‌ಡ್ರೈವ್‌ನಿಂದ ಹಲವು ಸುತ್ತು ಓಡಿಸಬೇಕು. ಒಂದೇ ತಪ್ಪು ಕಂಡರೂ ವೇಗವನ್ನು ಒಂದು ಮೆಟ್ಟಿಲು ಇಳಿಸಬೇಕೇ ಹೊರತು ವೋಲ್ಟೇಜನ್ನು ಏರಿಸಬಾರದು. ಯಂತ್ರ ಏಳದೇ ಹೋದರೆ ಗಾಬರಿಬೇಡ. ವೈರನ್ನು ಗೋಡೆಯಿಂದ ಕಿತ್ತು, ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಅಂಕಿಗಳು ಸಾಮಾನ್ಯವಾಗಿ ಮೂಲ ಸ್ಥಿತಿಗೆ ಮರಳುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಶಾಲೆಯ ಕೆಲಸಕ್ಕೆ ಕಂಪ್ಯೂಟರ್ ನಿಧಾನವೆನಿಸಿದರೆ ಅದರ ಕಾರಣ ಹೆಚ್ಚಾಗಿ ರ‍್ಯಾಮಿನ ವೇಗವಲ್ಲ, ಅದರ ಪ್ರಮಾಣ ಇಲ್ಲವೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್. ಅದೇ ಬಗೆಯ ಇನ್ನೊಂದು ರ‍್ಯಾಮ್ ಪಟ್ಟಿ ಅಥವಾ ಒಂದು ಎಸ್‌ಎಸ್‌ಡಿ ಕೊಡುವ ಲಾಭವನ್ನು ವೋಲ್ಟೇಜ್ ಕೊಡಲಾರದು. ಅಂಗಡಿಗೆ ಹೋಗುವ ಮುನ್ನ ಮಕ್ಕಳೊಡನೆ ಕುಳಿತು ಯಂತ್ರದಲ್ಲಿ ಯಾವ ಬಗೆಯ ರ‍್ಯಾಮ್ ಇದೆ, ಎಷ್ಟು ಇದೆ ಎಂಬುದನ್ನು ನೋಡಿ ಬರೆದುಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.