ಮೂರ್ಛೆರೋಗದ ಮಗುವಿಗೆ ಔಷಧ: ಅಡುಗೆಮನೆಯ ಚಮಚ ಸಾಲದು

ಮೂರ್ಛೆರೋಗ ಅಥವಾ ಅಪಸ್ಮಾರವೆಂದು ಗ್ರಂಥಗಳಲ್ಲಿ ಕರೆಯುವ, ಹಳ್ಳಿಗಳಲ್ಲಿ ‘ಪಿಡ್ಸ್’ ಎಂದೇ ಬಳಕೆಯಲ್ಲಿರುವ ಕಾಯಿಲೆಯು ದೇವರ ಶಾಪವಲ್ಲ, ಮಿದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು ಎಂಬ ಮಾತನ್ನು ಅನೇಕರು ಈಗ ಒಪ್ಪುತ್ತಾರೆ. ಯೋಗ್ಯ ಔಷಧ ದೊರೆತರೆ ಶೇ. 70ರಷ್ಟು ರೋಗಿಗಳು ಸೆಳೆತವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಔಷಧ ದೊರೆಯುವುದು ಒಂದು, ಅದು ತಕ್ಕ ಪ್ರಮಾಣದಲ್ಲಿ ಮಗುವಿನ ಹೊಟ್ಟೆ ಸೇರುವುದು ಇನ್ನೊಂದು. ಮಕ್ಕಳ ವಿಷಯದಲ್ಲಿ ಚಿಕಿತ್ಸೆ ಎಡವುವುದು ಅನೇಕ ವೇಳೆ ಈ ಎರಡನೆಯ ಮೆಟ್ಟಿಲಿನಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳಿಗೆ ಔಷಧದ ಪ್ರಮಾಣವನ್ನು ದೇಹದ ತೂಕ ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ ಅಣ್ಣನಿಗೆ ಒಗ್ಗಿದ ಪ್ರಮಾಣ ತಮ್ಮನಿಗೆ ಸಲ್ಲದು. ಕಳೆದ ವರ್ಷದ ಪ್ರಮಾಣ ಬೆಳೆದ ಮಗುವಿಗೆ ಈ ವರ್ಷ ಸಾಲದೆ ಹೋಗಬಹುದು. ಚೀಟಿಯಲ್ಲಿ 5 ಮಿ.ಲೀ. ಎಂದಿದ್ದರೆ ಮನೆಯಲ್ಲಿ ಅದು ‘ಒಂದು ಚಮಚ’ವಾಗುತ್ತದೆ. ಯಾವ ಚಮಚ? ಚಹಾದ ಚಮಚ ಮನೆಯಿಂದ ಮನೆಗೆ ಬೇರೆ. ಬೆಳಿಗ್ಗೆ ತಾಯಿ ಮುಕ್ಕಾಲು ಚಮಚ ಹಾಕಿದರೆ, ರಾತ್ರಿ ಅಜ್ಜಿ ತುಂಬಿ ತುಳುಕುವಂತೆ ಹಾಕುತ್ತಾರೆ. ಕೆಮ್ಮಿನ ಔಷಧದಲ್ಲಿ ಈ ವ್ಯತ್ಯಾಸ ನಡೆದೀತು. ಇಲ್ಲಿ ನಡೆಯದು, ಕಡಿಮೆಯಾದರೆ ಸೆಳೆತ, ಹೆಚ್ಚಾದರೆ ವಿಷ. ಸೂಜಿಯಿಲ್ಲದ ಸಿರಿಂಜಿನಲ್ಲಿ ಗೆರೆ ನೋಡಿ ಅಳೆದು, ಮಗುವನ್ನು ನೆಟ್ಟಗೆ ಕೂರಿಸಿ, ಕೆನ್ನೆಯ ಒಳಭಾಗಕ್ಕೆ ನಿಧಾನವಾಗಿ ಹನಿಸುವುದೇ ಸರಿಯಾದ ಕ್ರಮ. ಲೋಟದ ತುಂಬ ಹಾಲಿಗೆ ಬೆರೆಸಿದರೆ, ಮಗು ಅರ್ಧ ಕುಡಿದು ಬಿಟ್ಟಾಗ ಎಷ್ಟು ಔಷಧ ಹೋಯಿತೆಂದು ಯಾರೂ ಹೇಳಲಾರರು.

ಇದಕ್ಕಿಂತ ಗಂಭೀರವಾದುದು ಬಾಟಲಿಯ ಮೇಲಿನ ಸಣ್ಣ ಅಕ್ಷರ. ಫೆನಿಟೋಯಿನ್ ಎಂಬ ಔಷಧದ ದ್ರವರೂಪ ನಮ್ಮಲ್ಲಿ ಎರಡು ಬಲಗಳಲ್ಲಿ ಬರುತ್ತದೆ: 5 ಮಿ.ಲೀ.ನಲ್ಲಿ 30 ಮಿ.ಗ್ರಾಂ ಇರುವುದು ಒಂದು, 125 ಮಿ.ಗ್ರಾಂ ಇರುವುದು ಇನ್ನೊಂದು. ಮೊದಲನೆಯದಕ್ಕೆ ಬದಲಾಗಿ ಅಂಗಡಿಯವರು ಎರಡನೆಯದನ್ನು ಕೊಟ್ಟರೆ, ಅದೇ ಅಳತೆಯಲ್ಲಿ ಮಗುವಿಗೆ ನಾಲ್ಕು ಪಟ್ಟಿಗೂ ಮಿಕ್ಕಿ ಔಷಧ ಸೇರುತ್ತದೆ. ಮಗು ತೂರಾಡುತ್ತದೆ, ತೂಕಡಿಸುತ್ತದೆ, ವಾಂತಿ ಮಾಡುತ್ತದೆ. ಮನೆಯವರು ರೋಗವೇ ಹೆಚ್ಚಾಯಿತೆಂದು ಭಾವಿಸುತ್ತಾರೆ. ಈ ಔಷಧ ತಳದಲ್ಲಿ ಕೂರುವಂಥದು ಕೂಡ. ಕುಲುಕದೆ ಕೊಟ್ಟರೆ ಮೊದಲ ವಾರ ನೀರು, ಕೊನೆಯ ವಾರ ಗಟ್ಟಿ ಮದ್ದು. ಪ್ರತಿ ಸಲವೂ ಹಳೆಯ ಬಾಟಲಿಯನ್ನು ಅಂಗಡಿಗೆ ಒಯ್ದು ಹೆಸರನ್ನಷ್ಟೇ ಅಲ್ಲ, ಬಲವನ್ನೂ ಹೋಲಿಸಿ ನೋಡಬೇಕು. ಔಷಧದ ಅಂಗಡಿಯವರು ಈ ಬಾಟಲಿಗಳೊಡನೆ ಒಂದು ಸಿರಿಂಜನ್ನು ಕೊಟ್ಟು, ಮಿ.ಲೀ. ಲೆಕ್ಕವನ್ನು ಕನ್ನಡದಲ್ಲಿ ಬರೆದು ಅಂಟಿಸುವುದು ಕಡ್ಡಾಯವಾಗಬೇಕೆಂದು ನಾವು ಒತ್ತಾಯಿಸುತ್ತೇವೆ. ಅದಕ್ಕೆ ತಗಲುವ ಖರ್ಚು ಕೆಲವೇ ರೂಪಾಯಿ.

ಗುಳಿಗೆ ನುಂಗಲಾರದ ಮಗುವಿಗೆ ಪುಡಿಮಾಡಿ ಕೊಡುವ ರೂಢಿಯಿದೆ. ದೇಹದಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಗುಳಿಗೆಗಳನ್ನು ಹಾಗೆ ಕುಟ್ಟಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡುವುದೂ ತಪ್ಪು. ಮರೆತಾಗ, ವಾಂತಿಯಾದಾಗ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರುವುದು ಲೇಸು. ಹೊಸ ಔಷಧ ಆರಂಭಿಸಿದ ವಾರಗಳಲ್ಲಿ ಮೈಮೇಲೆ ಗಂಧೆಯೆದ್ದರೆ ಅಥವಾ ಬಾಯಿ ಹುಣ್ಣಾದರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಎಲ್ಲಕ್ಕಿಂತ ಹೆಚ್ಚು ಅಪಾಯ ಥಟ್ಟನೆ ನಿಲ್ಲಿಸುವುದರಲ್ಲಿದೆ. ಆರು ತಿಂಗಳು ಸೆಳೆತ ಬಾರದಿದ್ದರೆ ‘ಗುಣವಾಯಿತು’ ಎಂದು ಬಾಟಲಿ ಬದಿಗಿಡುವವರುಂಟು. ತಾಯಿತ ಕಟ್ಟಿಸಿದ ದಿನದಿಂದ ಮದ್ದು ಬಿಡಿಸುವವರೂ ಉಂಟು. ಮಠಕ್ಕೆ ಬಂದು ವಿಭೂತಿ ಧರಿಸಿ ಆಶೀರ್ವಾದ ಪಡೆಯುವ ಭಕ್ತರಿಗೆ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಆಶೀರ್ವಾದವು ಔಷಧಕ್ಕೆ ಬದಲಿಯಲ್ಲ. ಥಟ್ಟನೆ ನಿಂತಾಗ ಬಿಡದೆ ಬರುವ ಸೆಳೆತ ಪ್ರಾಣವನ್ನೇ ಒಯ್ಯಬಲ್ಲದು. ಸಾಮಾನ್ಯವಾಗಿ ಎರಡು ವರ್ಷ ಸೆಳೆತವಿಲ್ಲದೆ ಕಳೆದ ಮೇಲೆಯೇ ವೈದ್ಯರು ಔಷಧ ಬಿಡಿಸುವ ಆಲೋಚನೆ ಮಾಡುತ್ತಾರೆ. ಅದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ. ಜಾತ್ರೆಗೋ ಮದುವೆಗೋ ಹೊರಟಾಗ ಔಷಧವೂ ಸಿರಿಂಜೂ ಚೀಲದಲ್ಲಿರಲಿ. ಮನೆಯಲ್ಲಿ ಒಂದು ವಾರದಷ್ಟಾದರೂ ಹೆಚ್ಚಿನ ದಾಸ್ತಾನಿರಲಿ.

ಸೆಳೆತ ನಡೆದಿರುವಾಗ ಬಾಯಿಗೆ ನೀರು, ಔಷಧ, ಚಮಚ ಯಾವುದನ್ನೂ ಹಾಕಬಾರದು. ಕಬ್ಬಿಣದ ಬೀಗದಕೈಯಿಂದಲೂ ಈರುಳ್ಳಿಯಿಂದಲೂ ಪ್ರಯೋಜನವಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಮೂಗಿಗೆ ಸಿಂಪಡಿಸುವ ಮಿಡಾಜೋಲಮ್ ಔಷಧವನ್ನು ವೈದ್ಯರು ಬರೆದುಕೊಟ್ಟಿದ್ದಲ್ಲಿ ಅವರು ಹೇಳಿದಷ್ಟೇ ಸಿಂಪಡಿಸಿ, 108ಕ್ಕೆ ಕರೆ ಮಾಡಬೇಕು. ಈ ವಿಷಯ ಮಗುವಿನ ಶಾಲೆಯ ಶಿಕ್ಷಕರಿಗೂ ಗೊತ್ತಿರಬೇಕು. ಮುಂದೆ ಹೆಣ್ಣು ಕೊಡುವವರು, ತರುವವರು ಏನೆಂದಾರು ಎಂಬ ಅಂಜಿಕೆಯಿಂದ ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಟ್ಟರೆ, ಬಿದ್ದ ಮಗುವಿನ ಸುತ್ತ ನಿಂತವರಿಗೆ ಏನು ಮಾಡಬೇಕೆಂದೇ ತೋಚದು.