ಮಾತ್ರೆ ಬರೆಯೋ ಮುಂಚೆ ಕಸುಬು ಕೇಳಿ

ಖಿನ್ನತೆಗೆ ಮಾತ್ರೆ ಬರೆಯುವಾಗ ನಿದ್ದೆ ಬರುತ್ತಾ, ಊಟ ಸೇರುತ್ತಾ, ಬಿ.ಪಿ. ಇದೆಯಾ, ಕುಡಿತ ಇದೆಯಾ ಅಂತೆಲ್ಲ ಕೇಳ್ತಾರೆ. ಒಳ್ಳೇದು. ಆದರೆ ‘ದಿನವಿಡೀ ಯಾವ ಗಾಳಿ ಕುಡೀತೀಯಪ್ಪಾ?’ ಅಂತ ಕೇಳೋರು ಎಷ್ಟು ಜನ? ಚಿಕ್ಕಬಳ್ಳಾಪುರದಂಥ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದೆ ಮಾತ್ರೆ ಬರೆಯೋದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಅನ್ನೋದು ನನ್ನ ವಾದ.

ನಾವು ನುಂಗೋ ಮಾತ್ರೆಯನ್ನೂ ಉಸಿರಲ್ಲಿ ಒಳಗೆಳೆದುಕೊಳ್ಳೋ ವಿಷವನ್ನೂ ಒಡೆದು ಹೊರಹಾಕುವ ಕೆಲಸ ಬಹುಪಾಲು ಲಿವರಿನದು. ಅಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಿಣ್ವ. ಪೆಟ್ರೋಲ್ ಆವಿಯಲ್ಲಿರುವ ಬೆಂಜೀನ್ ಮುಖ್ಯವಾಗಿ ಸಿವೈಪಿ2ಇ1ರ ಪಾಲು. ಎಸಿಟಲೋಪ್ರಾಮ್ ಹೆಚ್ಚಾಗಿ 2ಸಿ19ರದ್ದು, ಫ್ಲೂಆಕ್ಸೆಟಿನ್ 2ಡಿ6ರದ್ದು. ಹಾಗಾಗಿ ‘ಬಂಕಲ್ಲಿ ಕೆಲಸ ಮಾಡೋರಿಗೆ ಮಾತ್ರೆ ಹತ್ತೋದೇ ಇಲ್ಲ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಹೊಗೆಯ ಕಥೆ ಬೇರೆ. ಸಿಗರೇಟ್ ಹೊಗೆಯಲ್ಲಿರುವ ಕೆಲವು ಹೈಡ್ರೋಕಾರ್ಬನ್‌ಗಳು 1ಎ2 ಅನ್ನೋ ಕಿಣ್ವವನ್ನು ಚುರುಕು ಮಾಡುತ್ತವೆ. ಖಿನ್ನತೆಗೆ ಕೊಡುವ ಡ್ಯುಲೋಕ್ಸೆಟಿನ್, ಸೇದುವವರ ರಕ್ತದಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇದು ಔಷಧದ ಅಧಿಕೃತ ಮಾಹಿತಿಯಲ್ಲೇ ಇದೆ. ಅದೇ ಜಾತಿಯ ಹೈಡ್ರೋಕಾರ್ಬನ್‌ಗಳು ಸೌದೆ ಹೊಗೆಯಲ್ಲೂ ಇರುತ್ತವೆ. ಶಿಡ್ಲಘಟ್ಟದಲ್ಲಿ ಸೌದೆ ಒಲೆಯ ಪಕ್ಕ ಕೂತು, ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚೋ ಹೆಂಗಸು ಬೀಡಿ ಮುಟ್ಟಿದವಳಲ್ಲ. ಚೀಟಿಯಲ್ಲಿ ‘ಧೂಮಪಾನ: ಇಲ್ಲ’ ಅಂತ ಬೀಳುತ್ತೆ. ವಿಷಯ ಅಲ್ಲಿಗೆ ಮುಗೀತು!

ಪೆಟ್ರೋಲ್ ಆವಿ ಇನ್ನೊಂದು ರೀತಿಯಲ್ಲಿ ಆಟ ಆಡಿಸುತ್ತೆ. ಅದನ್ನು ಕುಡಿದರೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಖಿನ್ನತೆಯ ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲೂ ಅವೇ ತೊಂದರೆಗಳು ಬರಬಹುದು. ಗೌರಿಬಿದನೂರಿನ ಗ್ಯಾರೇಜಿನಲ್ಲಿ ಪೆಟ್ರೋಲಲ್ಲೇ ಪಾರ್ಟ್ಸ್ ತೊಳೆದು, ಪೆಟ್ರೋಲಲ್ಲೇ ಕೈ ತೊಳೆಯೋ ಹುಡುಗ ಯಾರನ್ನು ದೂರಬೇಕು? ‘ಮಾತ್ರೆ ಒಗ್ತಿಲ್ಲ’ ಅಂತ ಬಿಟ್ಟುಬಿಡ್ತಾನೆ. ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಇನ್ನೂ ಜಾಸ್ತಿ ಆಗಬಹುದು. ಕಸುಬು ಗೊತ್ತಿಲ್ಲದ ಡಾಕ್ಟರು ಮಾತ್ರೆ ಬದಲಿಸ್ತಾರೆ. ಆವಿ ಮಾತ್ರ ಬದಲಾಗಲ್ಲ.

‘ಒಪಿಡಿಯಲ್ಲಿ ಅಷ್ಟು ಜನ ಕಾಯ್ತಿರ್ತಾರೆ, ಟೈಮ್ ಎಲ್ಲಿದೆ?’ ಅಂತಾರೆ. ಸ್ವಾಮಿ, ಇದು ಹತ್ತು ಸೆಕೆಂಡಿನ ಪ್ರಶ್ನೆ. ರೋಗಿಯ ಕಸುಬು ಕೇಳಿ ಅಂತ ಇಟಲಿಯ ವೈದ್ಯ ರಮಜ್ಜಿನಿ ಮುನ್ನೂರು ವರ್ಷಗಳ ಹಿಂದೆಯೇ ಹೇಳಿ ಹೋಗಿದ್ದಾನೆ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದು ಅಂತ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದು ನಮ್ಮ ನಿಮ್ಹಾನ್ಸ್. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಅಷ್ಟು ಮಾಡಿದ ನಾಡಿಗೆ ಚೀಟಿಯಲ್ಲಿ ಒಂದು ಸಾಲು ಸೇರಿಸೋದು ಕಷ್ಟವಾ?

ನಾವೂ ಏನು ಸಾಚಾಗಳಲ್ಲ. ವೀಕೆಂಡಿಗೆ ನಂದಿಬೆಟ್ಟಕ್ಕೆ, ಚಿಂತಾಮಣಿ ಕಡೆ ಕೈಲಾಸಗಿರಿಗೆ ಹೊರಟವರು ದಾರಿಯ ಬಂಕಲ್ಲಿ, ನಾಝಲ್ ತಾನಾಗೇ ನಿಂತ ಮೇಲೂ ‘ಇನ್ನೊಂಚೂರು ಹಾಕಿ, ರೌಂಡ್ ಫಿಗರ್ ಮಾಡಿ’ ಅಂತೀವಿ. ಟ್ಯಾಂಕಿಗೆ ಪೆಟ್ರೋಲ್ ಇಳಿದಷ್ಟೂ ಒಳಗಿದ್ದ ಆವಿ ಹೊರಗೆ ಬರುತ್ತೆ. ಬರೋದು ಪೈಪ್ ಹಿಡಿದವನ ಮುಖಕ್ಕೆ. ಆ ಆವಿಯನ್ನು ಹಿಡಿದು ವಾಪಸ್ ಕಳಿಸೋ ಯಂತ್ರ ಇದೆ. ಆದರೆ ಅದು ಯಾವ ಬಂಕಿಗೆ ಕಡ್ಡಾಯ ಅನ್ನೋದನ್ನು ನಿಯಮ ತಿಂಗಳ ಮಾರಾಟ ನೋಡಿ ತೀರ್ಮಾನಿಸುತ್ತೆ. ಕಡಿಮೆ ಮಾರಾಟದ ಬಂಕಿನ ಹುಡುಗನಿಗೇನು ಬೇರೆ ಶ್ವಾಸಕೋಶ ಇದೆಯಾ?

ಮಾತ್ರೆ ತಗೊಳ್ತಿರೋರು ನೀವಾಗೇ ನಿಲ್ಲಿಸಬೇಡಿ. ನಿಮ್ಮ ಕಸುಬೇನು ಅಂತ ಡಾಕ್ಟರಿಗೆ ನೀವೇ ಹೇಳಿ. ಮಾತಾಡೋಕೆ ಯಾರೂ ಸಿಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಾಗಿಲ್ಲ. ಡಾಕ್ಟರೇ, ನೀವು ಆ ಹತ್ತು ಸೆಕೆಂಡ್ ಕೊಡಿ. ಬಂಕಿಗೆ ಹೋಗೋ ನಾವೆಲ್ಲ, ನಾಝಲ್ ನಿಂತಾಗ ‘ಸಾಕು’ ಅನ್ನೋದು ಕಲಿಯೋಣ.